ಕಪಾಟಿನ ಹಿಂದಿನ ಗೋಡೆಯನ್ನೂ ಅಂದಾಜಿಗೆ ಸೇರಿಸುವ ಬಗ್ಗೆ

ಗೃಹಕೃತ್ಯ ಇಲಾಖೆ
(ಹಳೆ ಮನೆ ಖರೀದಿ, ರಿಪೇರಿ ಹಾಗೂ ಮಾರಾಟ ವಿಭಾಗ)

ಸಂಖ್ಯೆ: ಗೃಇ/ರಿಪೇರಿ/ಅಂದಾಜು/3 (ಮೊದಲೆರಡನ್ನು ಹರಿದುಹಾಕಲಾಗಿದೆ)
ದಿನಾಂಕ: ಗೋಡೆ ಬಿದ್ದ ನಾಲ್ಕನೆಯ ದಿನ

ವಿಷಯ: ಲಾಭಕ್ಕೆ ಮಾರಲೆಂದು ಕೊಂಡ ಮನೆಯ ರಿಪೇರಿ ವೆಚ್ಚ ಅಂದಾಜಿಸುವ ಕ್ರಮ.

ಉಲ್ಲೇಖ: 1. ಹೆಂಡತಿಯ ಮೌಖಿಕ ಎಚ್ಚರಿಕೆ. 2. ಅದೇ ಎಚ್ಚರಿಕೆ, ಏರುದನಿಯಲ್ಲಿ. 3. ಹೆಂಡತಿಯ ಮೌನ.

ಹಳೆಯ ಮನೆಯನ್ನು ಅಗ್ಗಕ್ಕೆ ಕೊಂಡು, ಅಲ್ಲೇ ವಾಸವಿದ್ದು ರಿಪೇರಿ ಮಾಡಿಸಿ ಮಾರುವ ಯೋಜನೆಗೆ ಈ ಇಲಾಖೆಯ ಅಂದಾಜು ಅಧಿಕಾರಿಯು, ಅಂದರೆ ಮನೆಯ ಯಜಮಾನರು, ಚಾಲನೆ ನೀಡಿರುತ್ತಾರೆ. ಬಂಡವಾಳವು ಹೊಲಿಗೆ ಅಂಗಡಿ ಇಡಲೆಂದು ಅವರ ಹೆಂಡತಿ ಹನ್ನೊಂದು ವರ್ಷ ಕೂಡಿಟ್ಟ ಹಣವಾಗಿರುತ್ತದೆ. ‘ಮನೆ ಕಟ್ಟಿ ನೋಡು’ ಎಂಬ ಗಾದೆ ಕಟ್ಟುವವರಿಗೆ ಮಾತ್ರ, ರಿಪೇರಿ ಮಾಡಿಸುವವರಿಗಲ್ಲ ಎಂದು ಅಧಿಕಾರಿಯು ಅರ್ಥೈಸಿಕೊಂಡಿದ್ದು ಕಂಡುಬಂದಿದೆ. ಆದ್ದರಿಂದ ಕೆಳಕಂಡಂತೆ ವಿಧಿಸಲಾಗಿದೆ:

1. ಹೊಸ್ತಿಲಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು, “ಸುಣ್ಣ ಬಳಿದ್ರೆ ಅರಮನೆ ಕಣೇ” ಎಂದು ಘೋಷಿಸುವುದನ್ನು ಇನ್ನು ತಪಾಸಣೆಯೆಂದು ಪರಿಗಣಿಸತಕ್ಕದ್ದಲ್ಲ.

2. ಗೋಡೆಯನ್ನು ಬೆರಳಿನಿಂದ ತಟ್ಟಿ, ತಿಳಿದವರಂತೆ ತಲೆದೂಗುವುದನ್ನು ನಿಷೇಧಿಸಲಾಗಿದೆ. ಯಾವ ಸದ್ದಿಗೆ ಯಾವ ಅರ್ಥವೆಂದು ಅಧಿಕಾರಿಗೆ ಗೊತ್ತಿಲ್ಲವೆಂಬುದು ವಿಚಾರಣೆಯಲ್ಲಿ ದೃಢಪಟ್ಟಿದೆ.

3. ಮಾರಿದವರು ಪುಕ್ಕಟೆ ಬಿಟ್ಟುಹೋದ ಆಳೆತ್ತರದ ಕಪಾಟನ್ನು ಅಂದಾಜಿನಲ್ಲಿ ‘ಲಾಭ’ ಎಂದು ನಮೂದಿಸಿದ್ದನ್ನು ರದ್ದುಪಡಿಸಲಾಗಿದೆ. ಕೊಳ್ಳುವ ಮೊದಲೇ “ಅದನ್ನ ಒಂಚೂರು ಸರಿಸಿ ನೋಡಿ, ನಿಮ್ಮ ಗಂಟೇನು ಹೋಗುತ್ತೆ?” ಎಂದು ಹೆಂಡತಿ ಕೇಳಿದ್ದು ದಾಖಲೆಯಲ್ಲಿದೆ. ಹೋಗುವ ಗಂಟು ತಮ್ಮದಲ್ಲದ ಕಾರಣ ಅಧಿಕಾರಿಯು ಸರಿಸಲಿಲ್ಲ.

4. ಕೊನೆಗೂ ಕಪಾಟನ್ನು ಸರಿಸಿದ ದಿನ ಅದರ ಹಿಂದಿನ, ಬೀದಿ ಕಡೆಯ ಗೋಡೆಯು ತಾನಾಗಿಯೇ ಮಲಗಿರುತ್ತದೆ. “ಸಾರ್, ಗೋಡೆಗೆ ಕಪಾಟು ಒರಗಿರ್ಲಿಲ್ಲ, ಕಪಾಟಿಗೆ ಗೋಡೆ ಒರಗಿತ್ತು” ಎಂಬ ಗಾರೆ ಮೇಸ್ತ್ರಿಯ ವರದಿಯನ್ನು ಅಂಗೀಕರಿಸಲಾಗಿದೆ. ವರದಿ ನೀಡುವಾಗ ಅವರು ನಕ್ಕಿದ್ದನ್ನು ಕಡತದಿಂದ ತೆಗೆಯಲಾಗಿದೆ.

5. ಇನ್ನುಮುಂದೆ ಕಪಾಟು, ಕ್ಯಾಲೆಂಡರ್, ಕನ್ನಡಿ ಹಾಗೂ ಗೋಡೆಗೆ ಒರಗಿ ನಿಂತ ಮಾರಾಟಗಾರನನ್ನು ಸರಿಸಿ ಹಿಂದೆ ನೋಡತಕ್ಕದ್ದು. ಮಾರಾಟಗಾರ ಸರಿಯದಿದ್ದಲ್ಲಿ ಅಂದಾಜನ್ನು ದುಪ್ಪಟ್ಟುಗೊಳಿಸತಕ್ಕದ್ದು.

6. ಅಧಿಕಾರಿಯು ಹೇಳುವ ಯಾವುದೇ ಮೊತ್ತವನ್ನು ಮೂರರಿಂದ ಗುಣಿಸತಕ್ಕದ್ದು. “ಎರಡೇ ವಾರ” ಎಂದಲ್ಲಿ ಎರಡು ತಿಂಗಳೆಂದು ತಿಳಿಯತಕ್ಕದ್ದು. ಸ್ನಾನಕ್ಕೆ ಹೋಗುವಾಗ ಅವರು ಹೇಳುವ “ಐದೇ ನಿಮಿಷ”ಕ್ಕೂ ಇದು ಅನ್ವಯ.

7. ನಾಲ್ಕು ದಿನಗಳಿಂದ ಹೆಂಡತಿ ಬೈದಿಲ್ಲ. ಅಂಗಡಿಗೆಂದು ಬರೆಸಿಟ್ಟಿದ್ದ ಬೋರ್ಡನ್ನು ತಾವೇ ತಂದು, ಗಾಳಿ ಬಾರದಂತೆ ಬಿದ್ದ ಗೋಡೆಯ ಕಂಡಿಗೆ ಅಡ್ಡ ಇಟ್ಟಿರುತ್ತಾರೆ. ಅದರ ಮುಂದೆ ಹಾಯಲಾರದೆ ಅಧಿಕಾರಿಯು ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿರುತ್ತಾರೆ. ತಪ್ಪೊಪ್ಪಿಕೊಳ್ಳಲು ಇಲಾಖೆಯಲ್ಲಿ ಸೂಕ್ತ ನಮೂನೆ ಲಭ್ಯವಿಲ್ಲ.

8. ಆದ್ದರಿಂದ ಮನೆಯನ್ನು ಮಾರತಕ್ಕದ್ದಲ್ಲ. ಬಿದ್ದ ಗೋಡೆಯನ್ನೂ ಕಟ್ಟತಕ್ಕದ್ದಲ್ಲ. ಮೇಲೆ ತೊಲೆ ಕೊಟ್ಟು, ಬೀದಿಗೆ ತೆರೆಯುವ ಶಟರ್ ಕೂರಿಸಿ, ಆ ಕೋಣೆಯನ್ನು ಹೊಲಿಗೆ ಅಂಗಡಿಯಾಗಿ ಹೆಂಡತಿಗೆ ವಹಿಸತಕ್ಕದ್ದು. ವೆಚ್ಚವನ್ನು ಅಧಿಕಾರಿಯ ಮೋಟಾರ್‌ಸೈಕಲ್ ಮಾರಿ ಭರಿಸತಕ್ಕದ್ದು. ಅದರ ಬೆಲೆಯನ್ನು ಭಾಮೈದ ಅಂದಾಜಿಸತಕ್ಕದ್ದು. ಆ ವೇಳೆ ಅಧಿಕಾರಿಯು ಬಾಯಿ ತೆರೆಯತಕ್ಕದ್ದಲ್ಲ.

ಈ ಆದೇಶವು ಹೆಂಡತಿಯ ಒಪ್ಪಿಗೆಗೆ ಒಳಪಟ್ಟಿರುತ್ತದೆ.

(ಸಹಿ)
ಅಂದಾಜು ಅಧಿಕಾರಿ (ಅಮಾನತಿನಲ್ಲಿ)

ಪ್ರತಿಗಳು:
1. ಗಾರೆ ಮೇಸ್ತ್ರಿ – ಮಾಹಿತಿಗಾಗಿ, ನಗುವುದಿದ್ದಲ್ಲಿ ಹೊರಗೆ.
2. ಭಾಮೈದ – ಬೈಕಿನ ಕೀಲಿಯೊಂದಿಗೆ.
3. ಹೆಂಡತಿ – ದಿಂಬಿನಡಿ ಇಡಲಾಗಿದೆ, ಕೈಗೆ ಕೊಡುವ ಧೈರ್ಯ ಸಾಲದ ಕಾರಣ. ತಪ್ಪಾಯಿತು.
4. ಕಚೇರಿ ಪ್ರತಿ – ಅಂಚಿನಲ್ಲಿ ಹೆಂಡತಿಯ ಕೈಬರಹ: “ಓದಿದೆ. ಶಟರಿಗೆ ಅಳತೆ ನಾನೇ ತಗೊಂಡಿದೀನಿ. ನೀವು ಟೇಪು ಮುಟ್ಬೇಡಿ.”