ಕರಡಿಗಳನ್ನು ಕೇಳದೆ ಇಟ್ಟ ಹೆಸರು

ಹೆಸರಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಈ ಪರದೇಶದ ಸೀಡರ್ ಪಾರ್ಕ್ ಊರಿನಲ್ಲಿ ನನ್ನ ಮಗಳ ಮನೆಯಿರುವ ರಸ್ತೆಗೆ ಯಾವುದೋ ಸರೋವರದ ಹೆಸರು. ವಾಕಿಂಗ್ ಹೋದಾಗಲೆಲ್ಲ ಹುಡುಕಿದ್ದೇನೆ, ಒಂದು ಬಕೆಟ್ ನೀರೂ ಕಂಡಿಲ್ಲ. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಈಗಷ್ಟೇ ಕಲಿತಿದ್ದೇನೆ. ಹೊಟ್ಟೆಯಲ್ಲಿದ್ದ ಅನುಮಾನವೆಲ್ಲ ಒಂದೇ ಬೆರಳಿನಿಂದ ಹೊರಗೆ ಬರಬೇಕು, ಸ್ವಲ್ಪ ತಡೆದುಕೊಳ್ಳಿ.

ಮೊನ್ನೆ ಮೊಮ್ಮಗಳು ದಿಯಾ ಸ್ಕೂಲ್ ಪ್ರಾಜೆಕ್ಟಿಗೆಂದು ಭೂಪಟ ಹರಡಿಕೊಂಡು ಕೂತಿದ್ದಳು. ರಷ್ಯಾದಿಂದ ಇನ್ನೂ ಮೇಲೆ, ಉತ್ತರ ಧ್ರುವದ ಕಡೆಗೆ, ಇಡ್ಲಿ ಚೂರಿನಷ್ಟು ಒಂದು ದ್ವೀಪ. ಹೆಚ್ಚುಕಡಿಮೆ ಪೂರ್ತಿ ಮಂಜುಗಡ್ಡೆಯೇ ಅಂತೆ. ಹೆಸರು ಮಾತ್ರ ವಿಕ್ಟೋರಿಯಾ.

“ರಾಣಿ ಹೆಸರೇನೇ?” ಅಂದೆ.

“ನೋ ಅಜ್ಜಿ, ಇಟ್ಸ್ ಎ ಬೋಟ್. ಒಬ್ಬ ರಿಚ್ ಮ್ಯಾನ್‌ದು.”

“ದ್ವೀಪ ಕಂಡುಹಿಡಿದಿದ್ದು ಅವನೇನಾ?”

“ನೋ, ಸಮ್ ಕ್ಯಾಪ್ಟನ್ಸ್.”

“ನೋಡ್ದ್ಯಾ! ಕಂಡೋರು ಯಾರೋ, ಹೆಸರು ದುಡ್ಡಿದ್ದೋನ ದೋಣೀದು! ಅಲ್ಲಿರೋ ಕರಡಿಗಳನ್ನ ಒಂದ್ ಮಾತು ಕೇಳ್ಬೇಡ್ವಾ?”

ನನ್ನ ಸಿಟ್ಟಿಗೆ ಬೇರೆ ಕಾರಣವಿತ್ತು. ಇದೇ ದೇಶದ ಮೆಕಿನ್ನಿ ಊರಿನಲ್ಲಿರುವ ಸೊಸೆ ರಶ್ಮಿಗೆ ದಿನ ತುಂಬಿತ್ತು. ಹೆಣ್ಣು ಮಗು ಎಂದು ಇಲ್ಲಿನ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. “ಹೆಸರು ನೀವೇ ಆರಿಸಿ ಅತ್ತೆ” ಎಂದಿದ್ದಳು ರಶ್ಮಿ. ತೊಟ್ಟಿಲು ಶಾಸ್ತ್ರದ ದಿನ ಅದನ್ನು ಮಗುವಿನ ಕಿವಿಯಲ್ಲಿ ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನ ಮಗಳು ಸುಮನ. ಆದರೆ ಇಬ್ಬರದೂ ಫೋನಿನಲ್ಲಿ ಗುಸುಗುಸು. ನಾನು ಹತ್ತಿರ ಹೋದರೆ ಮಾತು ಸಾರಿನ ಪುಡಿಗೆ ತಿರುಗುತ್ತಿತ್ತು. ಸಾರಿನ ಪುಡಿಯ ಬಗ್ಗೆ ಅಷ್ಟು ಹೊತ್ತು ಮಾತಾಡುವ ಹೆಂಗಸರಲ್ಲ ಅವರು.

ಭೂಪಟದ ಮುಂದೆ ಕೂತಲ್ಲಿಂದಲೇ ಸುಮನಳನ್ನು ಕೂಗಿ ಕರೆದೆ. “ನಿಜ ಹೇಳೇ, ನನ್ನ ಕೇಳ್ದೆ ಹೆಸರು ಆರಿಸಿಬಿಟ್ರಾ?”

“ಇಲ್ಲಮ್ಮಾ. ನೀನು ಆರಿಸಿರೋ ಹೆಸರನ್ನ ಬೇಡ ಅಂತ ಹೇಗೆ ಹೇಳೋದು ಅಂತ ಪಾಪ ರಶ್ಮಿಗೆ ಒದ್ದಾಟ.”

“ನಾನಿನ್ನೂ ಹೇಳೇ ಇಲ್ವಲ್ಲ!”

“ಟೈಪಿಂಗ್ ಪ್ರಾಕ್ಟೀಸ್ ಅಂತ ದಿನಾ ಒಂದೇ ಹೆಸರನ್ನ ಫ್ಯಾಮಿಲಿ ಗ್ರೂಪಿಗೆ ಕಳಿಸ್ತಿದ್ದೀಯಲ್ಲಮ್ಮಾ, ‘ವೆಂಕಟಲಕ್ಷ್ಮಿ, ವೆಂಕಟಲಕ್ಷ್ಮಿ’ ಅಂತ.”

ದಿಯಾ ತಲೆ ಎತ್ತಿದಳು. “ಬಟ್ ಅಜ್ಜಿ, ದಟ್ಸ್ ಯೂ!”

ನಾನು ಭೂಪಟ ನೋಡತೊಡಗಿದೆ. ಆ ತುಂಟಿ ಪೆನ್ಸಿಲ್ ತೆಗೆದುಕೊಂಡು ದ್ವೀಪದ ಪಕ್ಕ ಒಂದು ದೋಣಿ ಬರೆದು, ಅದರ ಮೂತಿಗೆ ನನ್ನಂಥದೇ ಕನ್ನಡಕವನ್ನೂ ಬರೆದಳು.

ಸೋತು ರಶ್ಮಿಗೆ ಟೈಪ್ ಮಾಡಿದೆ: ‘ಹೆಸರು ನೀನೇ ಆರಿಸಮ್ಮ. ನನ್ನ ಹೆಸರನ್ನು ಬೇಕಾದರೆ ಕಾರಿಗೆ ಇಡಿ.’ ಕಳಿಸಿ ಕನ್ನಡಕ ತೆಗೆಯುವಷ್ಟರಲ್ಲಿ ಅವಳಿಂದ ಸಾಲಾಗಿ ಕೆಂಪು ಹೃದಯಗಳು ಬಂದವು. ಇಷ್ಟು ಬೇಗ ಒಪ್ಪಿಕೊಂಡಳೆಂದರೆ, ಹೆಸರು ಮೊದಲೇ ಆರಿಸಿಟ್ಟಿದ್ದಾಳೆಂದೇ ನನ್ನ ಅನುಮಾನ.