ಸರ್ಪಸುತ್ತಿನ ತಲೆಗೂ ಬಾಲಕ್ಕೂ ಎಷ್ಟು ದೂರ

ಊರಿಗೆ ಬುದ್ಧಿ ಹೇಳಲು ನಾನು ಎದ್ದು ನಿಂತಾಗೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ತಪ್ಪು ನನ್ನದಲ್ಲ, ಊರಿನದು ಎಂದು ಬಹಳ ವರ್ಷ ನಂಬಿದ್ದೆ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದವನು, ಎರಡು ಸಲವೂ ವಿಜ್ಞಾನದಲ್ಲೇ. ಆ ಸಿಟ್ಟಿಗೆ ಹುಣಸೂರಿನ ಲೈಬ್ರರಿಯಲ್ಲಿ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ವಿಜ್ಞಾನವನ್ನೇ ಓದಿದೆ. ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಬೀದಿಯ ಹೆಂಗಸೊಬ್ಬಳಿಗೆ ಸರ್ಪಸುತ್ತು ಆಯಿತು. ಸೊಂಟದ ಒಂದು ಮಗ್ಗುಲಲ್ಲಿ ಗುಳ್ಳೆಗಳ ಪಟ್ಟಿ, ಕೆಂಡ ಇಟ್ಟಂಥ ಉರಿ. 'ಹಾವಿನ ತಲೆ ಬಾಲ ಕೂಡಿದರೆ ಆಳು ಉಳಿಯಲ್ಲ' ಎಂದು ಯಾರೋ ಹೇಳಿದರು. ಆಕೆ ಉರಿಗಲ್ಲ, ಆ ಮಾತಿಗೆ ಹೆದರಿ ಅನ್ನ ಬಿಟ್ಟಳು. ನನ್ನ ಮೈಯೆಲ್ಲ ಉರಿದುಹೋಯಿತು.

ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ಚಿಕ್ಕಂದಿನಲ್ಲಿ 'ಅಮ್ಮ', ಅಂದರೆ ಚಿಕನ್‌ಪಾಕ್ಸ್, ಎದ್ದಾಗ ಬಂದ ವೈರಸ್ಸು ಮೈ ಬಿಟ್ಟು ಹೋಗುವುದೇ ಇಲ್ಲ. ಬೆನ್ನುಮೂಳೆಯ ಪಕ್ಕ ನರದ ಬುಡದಲ್ಲಿ ಅಡಗಿ ಕೂರುತ್ತದೆ. ಎಷ್ಟೋ ವರ್ಷದ ಮೇಲೆ ಎಚ್ಚರವಾದರೆ ಅದೇ ನರ ಹಿಡಿದು ಚರ್ಮಕ್ಕೆ ಬರುತ್ತದೆ. ಎಡಗಡೆ ನರ ಎಡಕ್ಕೆ, ಬಲಗಡೆಯದು ಬಲಕ್ಕೆ. ಮೈಯ ನಡುಗೆರೆಗೆ ಬಂದು ಗುಳ್ಳೆ ನಿಲ್ಲುತ್ತದೆ. ಇನ್ನು ತಲೆ ಬಾಲ ಕೂಡುವುದೆಲ್ಲಿ? ಇದನ್ನು ನಾಲ್ಕು ತಾಲ್ಲೂಕಿಗೂ ಸಾರುತ್ತೇನೆ ಎಂದು ಹೊರಟೆ.

ಭೇರ್ಯದ ಹಗ್ಗ

ಭೇರ್ಯದಲ್ಲಿ ನಾಲೆ ನೀರಿಗಾಗಿ ಒಂದು ಸಭೆ. ದೊಡ್ಡ ಭಾಷಣಕಾರರು ಬರುವುದು ತಡವಾಯಿತು. ಮೈಕು ನನ್ನ ಕೈಗೆ ಬಂತು. ನಾಲೆ ಬಿಟ್ಟು ವೈರಸ್ಸಿಗೆ ಇಳಿದೆ.

"ನೋಡ್ರಪ್ಪ, ವೈರಸ್ಸಿನ ಡಿಎನ್‌ಎ ಅನ್ನೋದು ಉದ್ದನೆ ಹಗ್ಗ ಇದ್ದಂಗೆ. ಯಾರಾದ್ರೂ ಒಂದು ಹಗ್ಗ ಕೊಡಿ!"

ಹಿಂದಿನಿಂದ ಹಗ್ಗ ಬಂತು. ಎರಡೂ ತುದಿ ಹಿಡಿದು ಗಂಟು ಹಾಕಿದೆ. "ಜೀವಕೋಶದೊಳಕ್ಕೆ ಹೊಕ್ಕ ಕೂಡ್ಲೆ ತಲೆ ಬಾಲ ಹಿಂಗೆ ಕೂಡಿ ಬಳೆ ಆಯ್ತದೆ. ನರದೊಳಗೆ ಹಂಗೇ ಸುತ್ಕೊಂಡು ಮಲಗ್ತದೆ. ಕೂಡಿದಾಗ ಅದು ಕೊಲ್ಲಲ್ಲ ಕಣ್ರೀ, ನಿದ್ದೆ ಮಾಡ್ತದೆ!"

ಚಪ್ಪಾಳೆಯೋ ಚಪ್ಪಾಳೆ. ಸಭೆಯೇ ಎದ್ದು ನಿಂತಿತು. ನನ್ನ ಮಾತಿಗೆ ಇಷ್ಟು ಜನ ಎದ್ದು ನಿಂತದ್ದು ಅದೇ ಮೊದಲು. ಆಮೇಲೆ ನೋಡಿದರೆ ಎಲ್ಲರ ಮುಖ ಗದ್ದೆಯ ಕಡೆಗಿದೆ.

"ಅಣ್ಣೋ, ಭಾಷಣ ಮುಗೀತಾ?" ಎಂದ ಹಗ್ಗ ಕೊಟ್ಟವನು. "ಹಗ್ಗ ಕೊಟ್ರೆ ಹೋರಿ ಹಿಡ್ಕಂಬತ್ತೀನಿ."

ಗೇಟಿನವನ ಪ್ರಶ್ನೆ

ಎಚ್.ಡಿ. ಕೋಟೆ ಕಡೆ ಹೋಗಿ ಬರುವಾಗ ವೀರನಹೊಸಹಳ್ಳಿಯ ಹತ್ತಿರ ಕಾಡಿನ ಗೇಟು ಕಾಯುವವನೊಬ್ಬ ಸಿಕ್ಕ. ಜ್ವರ ಬಂದು ಹೋಗಿ ತುಟಿಯ ಮೇಲೆ ಗುಳ್ಳೆ ಎದ್ದಿದ್ದವು. ಬಿಡುತ್ತೇನೆಯೇ?

"ಇದು ಸರ್ಪಸುತ್ತಿನ ದಾಯಾದಿ ವೈರಸ್ಸು," ಎಂದೆ. "ಅದು ಬೆನ್ನಲ್ಲಿ ಮಲಗಿದ್ರೆ ಇದು ಮುಖದ ನರದ ಬುಡದಲ್ಲಿ. ಮಲಗಿದಾಗ ತನ್ನ ಅಂಗಡಿಯನ್ನೆಲ್ಲ ಮುಚ್ಚಿಬಿಡ್ತದೆ. ಹೆಚ್ಚುಕಮ್ಮಿ ಒಂದೇ ಒಂದು ಚೀಟಿ ಬರೀತಾ ಕೂತಿರ್ತದೆ, ಅಷ್ಟೇ. ಆರ್‌ಎನ್‌ಎ ಅಂತಾರೆ ಅದಕ್ಕೆ."

ಅವನು ಗೇಟು ಎತ್ತಿ ಒಂದು ಜೀಪು ಬಿಟ್ಟ. ಚೀಟಿ ಹರಿದುಕೊಟ್ಟ. ಗೇಟು ಇಳಿಸಿದ. ಮತ್ತೆ ಕೂತ.

"ಒಂದೇ ಜಾಗದಲ್ಲಿ ಕೂತು ಚೀಟಿ ಬರೀತದೆ?"

"ಹ್ಞೂಂ. ವರ್ಷಗಟ್ಟಲೆ."

"ನಾನೂ ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಾ ಇವ್ನಿ. ಇವತ್ತಿನ ತಂಕ ಯಾರೂ ನನ್ನ ರೋಗ ಅಂದಿರ್ಲಿಲ್ಲ ಕಣಪ್ಪ."

ದೊಡ್ಡವ್ವನ ಹಾವು

ನಮ್ಮ ತಾಯಿಯ ಅಕ್ಕ, ನನ್ನನ್ನು ಸಾಕಿದವಳು, ಬೆಟ್ಟದಪುರದ ದೊಡ್ಡವ್ವ. ಅವಳಿಗೇ ಸರ್ಪಸುತ್ತು ಆಯಿತು ಎಂದು ಸುದ್ದಿ ಬಂತು. ಓಡಿದೆ. ದಾರಿಯಲ್ಲಿ ಪಿರಿಯಾಪಟ್ಟಣದ ಡಾಕ್ಟರನ್ನು ಕಂಡು ವಿಷಯ ತಿಳಿಸಿದೆ. "ಗುಳ್ಳೆ ಎದ್ದು ಮೂರು ದಿನದೊಳಗೆ ಮಾತ್ರೆ ಶುರುವಾಗಬೇಕು. ಆಮೇಲೆ ಉರಿ ಉಳಿದುಬಿಟ್ಟರೆ ತಿಂಗಳುಗಟ್ಟಲೆ ನರಳಬೇಕಾಗುತ್ತದೆ," ಎಂದು ಚೀಟಿ ಬರೆದುಕೊಟ್ಟರು. ಅದು ಮೂರನೆಯ ದಿನ. ಮಾತ್ರೆ ಕೊಂಡು ಮತ್ತೆ ಓಡಿದೆ.

ಹೋದರೆ ದೊಡ್ಡವ್ವನ ಎದುರಿಗೆ ಹಾವು ಬರೆಯುವ ತಾತ ಕೂತಿದ್ದಾನೆ, ಕೆಮ್ಮಣ್ಣು ಕಲಸುತ್ತ. ಸರ್ಪಸುತ್ತಿನ ಮೇಲೆ ಕೆಮ್ಮಣ್ಣಲ್ಲಿ ಹಾವು ಬರೆದು, ತಲೆಗೂ ಬಾಲಕ್ಕೂ ನಡುವೆ ಅಡ್ಡಗೆರೆ ಎಳೆಯುವುದು ಅವನ ವೈದ್ಯ. ಕೂಗಾಡಿದೆ. ದೊಡ್ಡವ್ವ ಕೈ ಎತ್ತಿದಳು.

"ಬಾಯ್ಮುಚ್ಚು ಮೊದ್ಲು. ಮಾತ್ರೆ ಏನ್ ಮಾಡ್ತದೆ ಯೋಳು."

ಅವಳು ತಂಬಾಕು ಸೊಪ್ಪು ಕಟ್ಟುವುದರಲ್ಲಿ ಎತ್ತಿದ ಕೈ. ಅವಳ ದಾರಿಯಲ್ಲೇ ಹೇಳಿದೆ: "ವೈರಸ್ಸು ಮರಿ ಮಾಡ್ಬೇಕಾದ್ರೆ ಡಿಎನ್‌ಎ ಸರ ಕಟ್ಬೇಕು, ನೀನು ದಾರಕ್ಕೆ ಸೊಪ್ಪು ಕಟ್ಟಿದಂಗೆ. ಈ ಮಾತ್ರೆ ತೊಟ್ಟಿಲ್ಲದ ಸೊಪ್ಪು. ನೋಡೋಕೆ ಸೊಪ್ಪಿನಂಗೇ ಅದೆ. ವೈರಸ್ಸು ಗೊತ್ತಿಲ್ದೆ ತಗೊಂಡು ಸರಕ್ಕೆ ಹಾಕ್ತದೆ. ಅದರ ಮುಂದಕ್ಕೆ ಇನ್ನೊಂದು ಕಟ್ಟೋಕಾಗಲ್ಲ. ಸರ ಅಲ್ಲಿಗೇ ನಿಂತೋಯ್ತದೆ."

ದೊಡ್ಡವ್ವ ಯೋಚಿಸಿದಳು. "ಭೇರ್ಯದಲ್ಲಿ ನೀನು ತಲೆ ಬಾಲ ಕೂಡಿದ್ರೆ ಅದು ಮಲಗ್ತದೆ ಅಂದ್ಯಂತೆ?"

"ಹ್ಞೂಂ."

ತಾತನ ಕಡೆ ತಿರುಗಿದಳು. "ಅಂಗಾರೆ ಇವನ ಮಾತ್ರೆನೂ ನುಂಗ್ತೀನಿ, ನಿಂದೂ ಆಗ್ಲಿ. ತಲೆ ಬಾಲ ಸೇರ್ಸಿ ಬರಿ."

ತಾತನ ಕೈಯಿಂದ ಕೆಮ್ಮಣ್ಣಿನ ಚಿಪ್ಪು ಬಿತ್ತು. "ನನ್ನ ಜೀವಮಾನದಲ್ಲಿ ಸೇರ್ಸಿಲ್ಲ ಕಣವ್ವ!"

"ಮಲಗ್ಲಿ ಬುಡು, ಸೇರ್ಸು."

ತಾತ ಪಂಚೆ ಎತ್ತಿಕಟ್ಟಿ ಓಡಿದವನು ಬೆಟ್ಟದ ಬುಡದವರೆಗೂ ನಿಲ್ಲಲಿಲ್ಲವಂತೆ. ದೊಡ್ಡವ್ವ ಮಾತ್ರೆ ಬಾಯಿಗೆ ಹಾಕಿಕೊಂಡಳು. ದಿನಕ್ಕೆ ಐದು ಸಲ ಎಂದೆ. "ಉಣ್ಣೋದೇ ಎರಡು ಸಲ, ಈ ಹಾವಿಗೆ ಐದೂಟವಾ?" ಎಂದು ಬೈಯುತ್ತಲೇ ಒಂದನ್ನೂ ತಪ್ಪಿಸಲಿಲ್ಲ. ಗುಳ್ಳೆ ಒಣಗಿತು, ಉರಿಯೂ ಇಳಿಯಿತು.

ನನ್ನ ಹಾವು

ಮಾರನೆಯ ವರ್ಷ ನನಗೇ ಬಂತು, ಬಲಗಡೆ ಪಕ್ಕೆಲುಬಿನ ಮೇಲೆ. ಮೊದಲ ದಿನವೇ ಮಾತ್ರೆ ನುಂಗಿದೆ. ಬಂದವರಿಗೆಲ್ಲ ಅಂಗಿ ಎತ್ತಿ ತೋರಿಸಿ ಪಾಠ ಮಾಡಿದೆ: "ನೋಡಿ, ಎಂಥಾ ಸಾಚಾ ವೈರಸ್ಸು! ಗಡಿ ದಾಟಲ್ಲ!"

ಆದರೆ ಸಂಜೆ ಉರಿ ಏರಿದಾಗ ಪುಸ್ತಕ ನೆನಪಿಗೆ ಬರುವುದಿಲ್ಲ, ಹಾವು ಬರುತ್ತದೆ. ಮುಂದೆ ಗುಳ್ಳೆ ಎಲ್ಲಿ ನಿಂತಿದೆ ಎಂದು ಕನ್ನಡಿಯಲ್ಲಿ ಕಾಣುತ್ತದೆ. ಬೆನ್ನಿನ ಕಡೆ? ಹೆಂಡತಿಯನ್ನು ಕೇಳಿದರೆ ಮಾನ ಹೋಗುತ್ತದೆ.

ಅಷ್ಟರಲ್ಲಿ ಆ ಹಾವು ಬರೆಯುವ ತಾತನೇ ನೋಡಲು ಬಂದ. ಕೆಮ್ಮಣ್ಣು ತಂದಿರಲಿಲ್ಲ. ಬಾಗಿಲು ಹಾಕಿದೆ. ಒಂದು ದಾರ ಕೊಟ್ಟೆ.

"ತಾತ, ಯಾರಿಗೂ ಹೇಳ್ಬೇಡ. ಹಿಂದುಗಡೆ ತುದಿ ಹಿಡ್ಕೊ. ನಡುವೆ ಜಾಗ ಎಷ್ಟದೆ ನೋಡಾಣ."

ನಾನು ಎದೆಯ ಮೇಲೆ ಒಂದು ತುದಿ, ಅವನು ಬೆನ್ನಿನ ಮೇಲೆ ಇನ್ನೊಂದು ತುದಿ ಹಿಡಿದು ನಿಂತಿದ್ದೇವೆ. ಬಾಗಿಲು ತೆರೆಯಿತು. ದೊಡ್ಡವ್ವ.

ಅವಳು ದಾರ ನೋಡಿದಳು. ತಾತನನ್ನು ನೋಡಿದಳು. ನನ್ನನ್ನು ನೋಡಿದಳು.

"ನಡುಗೆರೆ ದಾಟಲ್ಲ ಅಂತ ನಾಲ್ಕು ತಾಲ್ಲೂಕಿನಲ್ಲಿ ಮೈಕು ಹಿಡ್ದು ಯೋಳ್ದೋನು ಯಾರ್ಲಾ?"

"ನಾನೇ ದೊಡ್ಡವ್ವ."

"ಮತ್ತೆ ಈ ದಾರ?"

"ದಾಟಬಾರದು ಅಂತ ನನಗೆ ಗೊತ್ತು. ಅದಕ್ಕೆ ಗೊತ್ತೋ ಇಲ್ವೋ ಅಂತ ನೋಡ್ತಿದ್ದೆ."

ದೊಡ್ಡವ್ವ ಹತ್ತಿರ ಬಂದು, ತಾತನ ಕೈಯಿಂದ ದಾರದ ತುದಿ ಇಸಿದುಕೊಂಡು, ತಾನೇ ಬೆನ್ನಿಗೆ ಒತ್ತಿ ಹಿಡಿದಳು.

"ಸರಿಯಾಗಿ ಅಳೆ ಮಗ. ಇಷ್ಟು ವರ್ಷ ನಿನ್ನೊಳಗೇ ಇದ್ದದ್ದು, ಅದೂ ಎಸ್ಸೆಸ್ಸೆಲ್ಸಿ ಫೇಲಾಗಿರ್ತದೆ."