ಆ ಕಡೆ ಮೂರಿಂಚು, ಈ ಕಡೆ ಮೂರಿಂಚು

ಕಾರು ನಿಲ್ಲಿಸುವುದು ಒಂದು ಲೆಕ್ಕ, ಅಷ್ಟೆ. ಬಾಗಿಲಿನ ಅಗಲದಲ್ಲಿ ಕಾರಿನ ಅಗಲ ಕಳೆಯಬೇಕು, ಉಳಿದದ್ದನ್ನು ಎರಡರಿಂದ ಭಾಗಿಸಬೇಕು, ಒಳಗೆ ಹೋಗಬೇಕು. ಮುಳಬಾಗಿಲಿನ ಹೈಸ್ಕೂಲಿನಲ್ಲಿ ನಾಲ್ಕು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದ ನನಗೆ ಇದರಲ್ಲಿ ಯಾವ ಅನುಮಾನವೂ ಇರಲಿಲ್ಲ. ನನ್ನ ಹತ್ತಿರ ಲೈಸೆನ್ಸೂ ಇತ್ತು. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಗೆಳೆಯರ ಜೊತೆ ಸೇರಿ ಮಾಡಿಸಿಕೊಂಡದ್ದು. ಆಮೇಲೆ ಎಂಟು ವರ್ಷ ಸ್ಟೀರಿಂಗ್ ಮುಟ್ಟಿರಲಿಲ್ಲ ಎಂಬುದು ಬೇರೆ ಮಾತು. ಲೈಸೆನ್ಸೇನು ಹಳಸುವ ಪದಾರ್ಥವೆ?

ಎಪ್ಪತ್ತರ ದಶಕದ ಕೊನೆಯ ಒಂದು ಭಾನುವಾರ. ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯಲ್ಲಿ ಹುಲಿ ಗುರುಗುಟ್ಟಿದ ಹಾಗೆ ಸದ್ದಾಯಿತು. ಹೊರಗೆ ಬಂದು ನೋಡಿದರೆ ಕೆಂಪು ಬಣ್ಣದ ಕಾರು. ಇಬ್ಬರಿಗಷ್ಟೇ ಜಾಗ, ಮೇಲೆ ಸೂರಿಲ್ಲ, ಎತ್ತರ ನನ್ನ ಸೊಂಟದಷ್ಟು. ಮೂಗು ಮಾತ್ರ ಮಾರುದ್ದ. ಅದರೊಳಗಿಂದ ಎದ್ದು ಬಂದವನು ನನ್ನ ಹೆಂಡತಿ ಸರೋಜಳ ತಮ್ಮ ಶೀನ.

ಶೀನ ಬೆಂಗಳೂರಿನಲ್ಲಿ ಮೆಕ್ಯಾನಿಕ್ಕು. ಈ ಕಾರು ಮದರಾಸಿನ ಒಬ್ಬ ಯಜಮಾನರದು. ರೇಸಿಗೆ ಓಡಿಸುತ್ತಿದ್ದ ಹಳೆಯ ವಿಲಾಯಿತಿ ಕಾರಂತೆ. ಕೋಳಿಗೂಡಾಗಿ ಬಿದ್ದಿದ್ದನ್ನು ಎರಡು ವರ್ಷ ಕೂತು ಒಂದೊಂದೇ ಭಾಗ ಬಿಚ್ಚಿ, ಉಜ್ಜಿ, ಬಣ್ಣ ಹೊಡೆದು ಜೀವ ಕೊಟ್ಟಿದ್ದ. ಅದನ್ನು ತಲುಪಿಸಲು ಮದರಾಸಿಗೆ ಹೊರಟವನು ದಾರಿಯಲ್ಲಿ ಅಕ್ಕನ ಮನೆಯ ಊಟಕ್ಕೆ ನಿಂತಿದ್ದ.

"ಒಂದು ಗೀರು ಬೀಳ್ದಂಗೆ ತಲುಪಿಸ್ಬಿಟ್ರೆ, ಅವರ ಹತ್ರ ಇರೋ ಇನ್ನೂ ಐದು ಕಾರು ನನಗೇ ಕೊಡ್ತಾರಂತೆ ಭಾವ," ಎಂದ ಊಟಕ್ಕೆ ಕೂತು. "ಆ ಧೈರ್ಯದ ಮೇಲೆ ಸ್ವಂತ ಷೆಡ್ಡು ಹಾಕ್ಬೋದು. ಇನ್ನೊಬ್ಬರ ಕೈಕೆಳಗೆ ಹನ್ನೊಂದು ವರ್ಷ ಆಯ್ತು."

ಅವನ ಕಣ್ಣು ಕೆಂಪಾಗಿತ್ತು. ಮೂರು ರಾತ್ರಿ ನಿದ್ದೆಗೆಟ್ಟು ಕೆಲಸ ಮುಗಿಸಿದ್ದನಂತೆ. ಎರಡು ಮುದ್ದೆ, ಅವರೆಕಾಳಿನ ಸಾರು ಒಳಗೆ ಹೋದದ್ದೇ ತಡ, ಚಾಪೆಯ ಮೇಲೆ ಉರುಳಿಕೊಂಡ. ಕಣ್ಣು ಮುಚ್ಚುವ ಮೊದಲು ಒಂದು ಮಾತು ಹೇಳಿದ.

"ಭಾವ, ಕಾರು ಮುಟ್ಬೇಡಿ."

ನಾನು ಮುಟ್ಟುತ್ತಿರಲಿಲ್ಲ. ದೇವರಾಣೆಗೂ ಮುಟ್ಟುತ್ತಿರಲಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಕುರುಡುಮಲೆಯ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು. ಕಾರಿಗೆ ಸೂರಿಲ್ಲ. ಬಟ್ಟೆಯ ಟಾಪನ್ನು ಮದರಾಸಿನಲ್ಲೇ ಹೊಲಿಸಿ ಹಾಕಬೇಕಿತ್ತು. ಸೀಟುಗಳಿಗೆ ಹೊಸ ಚರ್ಮ ಹೊದಿಸಿತ್ತು. ಎರಡು ವರ್ಷದ ದುಡಿಮೆ ಎರಡು ನಿಮಿಷದ ಮಳೆಗೆ ಹೋಗುವುದೆ?

"ಶೀನನ್ನ ಎಬ್ಬಿಸ್ರೀ," ಎಂದಳು ಸರೋಜ.

"ಪಾಪ, ಮಲಗಿರಲಿ ಬಿಡೇ."

"ಹಂಗಾದ್ರೆ ಪಾಪಮ್ಮನ ಹತ್ರ ಟಾರ್ಪಾಲು ಇದೆ, ಹೊದಿಸ್ಬಿಡಿ."

ಟಾರ್ಪಾಲು! ರಾಶಿ ಹಾಕಿದ ರಾಗಿಗೆ ಹೊದಿಸುವ ಟಾರ್ಪಾಲನ್ನು ವಿಲಾಯಿತಿ ಕಾರಿಗೆ ಹೊದಿಸುವುದೆ? ಎದುರಿಗೇ ಪಾಪಮ್ಮನ ಗಾಡಿ ಕೊಟ್ಟಿಗೆ ಖಾಲಿ ಇತ್ತು. ಪಾಪಮ್ಮ ನಮ್ಮ ಮನೆಯ ಒಡತಿ. ಅವರ ಯಜಮಾನರು ಇದ್ದಾಗ ಎತ್ತಿನಗಾಡಿ ನಿಲ್ಲುತ್ತಿದ್ದ ಜಾಗ ಅದು. ಆ ಕ್ಷಣದಿಂದ ನಾನು ಅದನ್ನು ಗ್ಯಾರೇಜು ಎಂದು ಕರೆಯತೊಡಗಿದೆ.

ಸರೋಜಳ ಹೊಲಿಗೆಯ ಟೇಪು ತಂದು ಅಳೆದೆ. ಬಾಗಿಲು ಐದು ಅಡಿ ಎರಡು ಇಂಚು, ಒಳಗೂ ಅಷ್ಟೇ ಅಗಲ. ಕಾರು ನಾಲ್ಕು ಅಡಿ ಎಂಟು ಇಂಚು. ಉಳಿದದ್ದು ಆರು ಇಂಚು. ಆ ಕಡೆ ಮೂರು, ಈ ಕಡೆ ಮೂರು. ಕೊಟ್ಟಿಗೆಯ ಹಿಂಗೋಡೆಯ ಬುಡದಲ್ಲಿ ಒಂದು ಒರಳುಕಲ್ಲು ಹೂತಿತ್ತು. ಅದರವರೆಗಿನ ಉದ್ದವನ್ನೂ ಅಳೆದೆ. ಅಲ್ಲಿಯೂ ಒಂದೂವರೆ ಅಡಿ ಮಿಕ್ಕುತ್ತಿತ್ತು. ಇಷ್ಟು ಸುಲಭದ ಲೆಕ್ಕವನ್ನು ನಾನು ಎಂಟನೇ ತರಗತಿಗೂ ಕೊಡುವವನಲ್ಲ.

ಹೊರಗಿನ ಓಡಾಟ ಕೇಳಿ ಪಾಪಮ್ಮ ಬಂದರು. ಅವರ ತವರು ಗಡಿಯಾಚೆ. ಸಮಾಧಾನದಲ್ಲಿದ್ದಾಗ ಕನ್ನಡ ಮಾತಾಡುತ್ತಿದ್ದರು, ಗಾಬರಿಯಾದರೆ ತೆಲುಗು. ನನ್ನನ್ನು ಮಾತ್ರ ಯಾವಾಗಲೂ 'ಅಯ್ಯವಾರು' ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಮೇಷ್ಟ್ರಿಗೆ ಹಾಗನ್ನುತ್ತಾರೆ. ನಾಲ್ಕು ವರ್ಷದಲ್ಲಿ ನಾನು ಕಲಿತ ತೆಲುಗು ಅದೊಂದೇ. ಟೇಕಲ್ಲಿನ ಸರೋಜ ಎರಡೂ ಭಾಷೆಯಲ್ಲಿ ಪಟಪಟ ಮಾತಾಡುವಾಗ ನಾನು, "ಗಣಿತಕ್ಕೆ ಯಾವ ಭಾಷೆಯೂ ಬೇಕಿಲ್ಲ" ಎಂದು ಪಕ್ಕಕ್ಕೆ ಕೂರುತ್ತಿದ್ದೆ.

"ಒಳಗೆ ನನ್ನ ಚಂದ್ರಿಕೆಗಳಿವೆ ಅಯ್ಯವಾರೂ, ಹುಷಾರು," ಎಂದರು ಪಾಪಮ್ಮ. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗಳು ಅವು, ಒಂದೊಂದೂ ಆಳೆತ್ತರ. ನಾಲ್ಕನ್ನು ಗೋಣಿಚೀಲದಲ್ಲಿ ಸುತ್ತಿ ಒರಳಿನ ಪಕ್ಕದ ಗೋಡೆಗೆ ಒರಗಿಸಿದ್ದರು. "ಹುಳ ಹಣ್ಣಾಗ್ತಾ ಇದಾವೆ. ಮಂಗಳವಾರ ಚಂದ್ರಿಕೆಗೆ ಬಿಡ್ಬೇಕು."

"ಅದರ ಹತ್ತಿರಕ್ಕೂ ಬರೋದಿಲ್ಲ ಪಾಪಮ್ಮನೋರೆ. ನೀವು ಒಳಗೆ ನಿಂತು ಮುಂದುಗಡೆ ನೋಡ್ಕೊಳ್ಳಿ."

ಅವರು ಒಳಗೆ ಹೋಗಿ ಹಿಂಬಾಗಿಲ ಹತ್ತಿರ, ಒರಳಿನ ಮಗ್ಗುಲಿಗೆ ನಿಂತರು. ಸರೋಜ ಹಿಂದುಗಡೆ ನೋಡಿಕೊಳ್ಳಬೇಕಿತ್ತು. ಅಷ್ಟರಲ್ಲಿ ಗುಡುಗಿತು. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ನೆನಪಾಗಿ, "ಒಂದ್ನಿಮಿಷ ತಡೀರಿ, ಬಂದೆ" ಎಂದು ಓಡಿದಳು. ನಾನು ತಡೆಯಲಿಲ್ಲ. ಮಳೆ ತಡೆಯುತ್ತದೆಯೆ?

ಪಂಚೆ ಎತ್ತಿ ಕಟ್ಟಿ ಕಾರಿನೊಳಗೆ ಇಳಿದೆ. ಸ್ನಾನದ ಹಂಡೆಯಲ್ಲಿ ಕೂತ ಹಾಗಿತ್ತು. ಕಾಲು ಚಾಚಿಕೊಂಡೇ ಕೂರಬೇಕು. ಮೂಗು ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ. ಕೀಲಿ ತಿರುಗಿಸಿದೆ. ಹುಲಿ ಎದ್ದಿತು. ಕ್ಲಚ್ಚು ಬಿಟ್ಟೆ. ಕಾರು ಸಂಕೋಚದ ಮದುವಣಗಿತ್ತಿಯ ಹಾಗೆ ಹೊಸ್ತಿಲು ದಾಟಿ ಒಳಗೆ ಹೋಯಿತು. ಆ ಕಡೆ ಮೂರಿಂಚು, ಈ ಕಡೆ ಮೂರಿಂಚು! ನನ್ನ ಲೆಕ್ಕ ತಪ್ಪಿದ್ದೇ ಇಲ್ಲ.

"ರಾಂಡಿ ಅಯ್ಯವಾರೂ, ರಾಂಡಿ. ಮೆಲ್ಲಗಾ ರಾಂಡಿ," ಎನ್ನುತ್ತಿದ್ದರು ಪಾಪಮ್ಮ. ಗಾಬರಿ ಶುರುವಾಗಿತ್ತು, ತೆಲುಗೂ ಶುರುವಾಗಿತ್ತು. ಬನ್ನಿ ಎನ್ನುತ್ತಿದ್ದಾರೆಂದು ಅವರ ಕೈ ನೋಡಿ ತಿಳಿದುಕೊಂಡು ಬಂದೆ. ಒರಳು ಇನ್ನು ಒಂದೂವರೆ ಅಡಿ ಇದ್ದಿರಬೇಕು, ಎಂಜಿನ್ನು ಗೊರಕ್ಕೆಂದು ತಾನೇ ನಿಂತುಹೋಯಿತು.

ಅಲ್ಲಿಗೆ ಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಪಾಪಮ್ಮ ಎರಡೂ ಕೈ ಎತ್ತಿ ಹೇಳಿದರು:

"ಚಾಲು ಅಯ್ಯವಾರೂ, ಚಾಲು!"

ಎಂಜಿನ್ನು ನಿಂತಿದೆ. ಎದುರಿಗಿರುವ ಹಿರಿಯರು ಚಾಲು ಎನ್ನುತ್ತಿದ್ದಾರೆ. ನಮ್ಮ ಮೈಸೂರಿನ ಕಡೆ ಪಂಪ್‌ಸೆಟ್ಟು ನಿಂತರೆ ಏನು ಮಾಡುತ್ತಾರೆ? ಚಾಲು ಮಾಡುತ್ತಾರೆ. ನಾನೂ ಚಾಲು ಮಾಡಿದೆ. ಗೇರಿನಲ್ಲೇ ಇದ್ದ ಕಾರು ಕಪ್ಪೆಯ ಹಾಗೆ ಅರ್ಧ ಅಡಿ ಮುಂದಕ್ಕೆ ನೆಗೆದು ಮತ್ತೆ ನಿಂತಿತು.

"ಚಾಲು! ಚಾಲು!" ಪಾಪಮ್ಮನ ದನಿ ಏರಿತು.

ಎಷ್ಟು ಆಸಕ್ತಿ ಈ ಮುದುಕಿಗೆ, ನಾನೇ ಕೈಬಿಟ್ಟರೆ ಹೇಗೆ ಎಂದುಕೊಂಡೆ. ಮತ್ತೆ ಕೀಲಿ ತಿರುಗಿಸಿದೆ. ಮತ್ತೆ ಅರ್ಧ ಅಡಿ.

"ಅಯ್ಯೋ ದೇವುಡಾ, ಚಾಲಯ್ಯಾ!"

ಇಷ್ಟು ಹೇಳಿಸಿಕೊಂಡೂ ಮಾಡದಿದ್ದರೆ ಮರ್ಯಾದೆಯಲ್ಲ. ಈ ಸಲ ಆಕ್ಸಿಲರೇಟರನ್ನೂ ಒತ್ತಿ ತಿರುಗಿಸಿದೆ.

ಆಮೇಲೆ ನಡೆದದ್ದು ಒಂದು ರೆಪ್ಪೆ ಬಡಿಯುವಷ್ಟರಲ್ಲಿ. ಪಾಪಮ್ಮ ಗೋಡೆಗೆ ಒರಗಿದ್ದ ಚಂದ್ರಿಕೆಗಳ ಕಟ್ಟನ್ನು ಎರಡೂ ಕೈಯಲ್ಲಿ ಎಳೆದು ಒರಳಿನ ಮುಂದಕ್ಕೆ ಕೆಡವಿ ಹಿಂಬಾಗಿಲಿನಿಂದ ಆಚೆ ಹಾರಿದರು. ಕಾರು ನೆಗೆಯಿತು. ಲಟಲಟನೆ ಬಿದಿರು ಮುರಿಯಿತು. ಎಂಜಿನ್ನು ನಿಂತಿತು. ನನ್ನ ಎದೆಯೂ ನಿಂತಿತೆಂದು ತಿಳಿದಿದ್ದೆ, ಆದರೆ ಅದು ಚಾಲೂ ಇತ್ತು.

ಇಳಿಯೋಣವೆಂದು ಬಾಗಿಲು ತೆರೆದೆ. ಮೂರಿಂಚು ತೆರೆದು ಗೋಡೆಗೆ ಇನ್ನೇನು ತಾಗಬೇಕು, ಹಿಡಿದುಕೊಂಡೆ. ಆ ಕಡೆಯೂ ಮೂರಿಂಚು. ಕಾರು ಒಳಗೆ ಹೋದ ಮೇಲೆ ಮನುಷ್ಯ ಹೊರಗೆ ಬರಬೇಕೆಂಬ ಅಂಶವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎದ್ದು ನಿಲ್ಲಲು ಹೋದರೆ ಕೊಟ್ಟಿಗೆಯ ತೊಲೆ ಠಣ್ಣೆಂದು ತಲೆಗೆ ತಾಗಿತು. ಮತ್ತೆ ಕೂತೆ.

ಸದ್ದಿಗೆ ಶೀನ ಎದ್ದು ಬಂದ. ಮಾಳಿಗೆಯಿಂದ ಸರೋಜ ಇಳಿದು ಬಂದಳು. ಅಕ್ಕತಮ್ಮ ಇಬ್ಬರೂ ಬಾಗಿಲಲ್ಲಿ ನಿಂತು ಮೊದಲು ನನ್ನ ಬೆನ್ನು ನೋಡಿದರು. ಶೀನ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಭಾವ, ಕೀಲಿ ಬಿಡಿ. ಕೈ ಮೇಲಕ್ಕೆತ್ತಿ. ಏನೂ ಮುಟ್ಬೇಡಿ," ಎಂದ ಮೆಲ್ಲಗೆ.

ಕೈ ಎತ್ತಿದೆ. ಹಿಂದುಗಡೆಯಿಂದ ಕಂಕುಳಿಗೆ ಕೈ ಹಾಕಿ, ಬಾವಿಯಿಂದ ಬಿಂದಿಗೆ ಎತ್ತುವ ಹಾಗೆ ನನ್ನನ್ನು ಎಳೆದುಕೊಂಡ. ನಾನು ಬಂದೆ. ಪಂಚೆ ಬರಲಿಲ್ಲ, ಗೇರಿನ ಕೋಲಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಪಟ್ಟೆಪಟ್ಟೆಯ ಚಡ್ಡಿಯಲ್ಲಿ ಹಿಮ್ಮುಖವಾಗಿ ಗ್ಯಾರೇಜಿನಿಂದ ಹೊರಬಂದ ಗಣಿತದ ಮೇಷ್ಟ್ರನ್ನು ಬೀದಿಯ ಜನ ಗೌರವದಿಂದಲೇ ನೋಡಿದರು. ಸರೋಜ ಹೆಗಲ ಮೇಲಿದ್ದ ಟವಲು ಎಸೆದಳು. ಅದಕ್ಕೆ ಮೆಣಸಿನಕಾಯಿಯ ಘಾಟಿತ್ತು. ಆ ವಿವರ ಬೇಡ.

ಅಷ್ಟರಲ್ಲಿ ಪಾಪಮ್ಮ ಮನೆ ಬಳಸಿಕೊಂಡು ಏದುಸಿರು ಬಿಡುತ್ತ ಬಂದರು.

"ಚಾಲು ಅಂದೆ ಕದಾ ಅಯ್ಯವಾರೂ!"

"ಅದಕ್ಕೇ ಚಾಲು ಮಾಡಿದೆ," ಎಂದೆ.

ಸರೋಜ ಹಣೆ ಚಚ್ಚಿಕೊಂಡಳು. "ಚಾಲು ಅಂದ್ರೆ ತೆಲುಗಲ್ಲಿ ಸಾಕು ಅಂತ ರೀ!"

ಮೂರು ಸಲ ಸಾಕೆಂದಿದ್ದರು. ಮೂರು ಸಲವೂ ನಾನು ವಿಧೇಯನಾಗಿ ಮುಂದಕ್ಕೆ ಹೋಗಿದ್ದೆ.

ಶೀನ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಕಾರನ್ನು ನ್ಯೂಟ್ರಲ್ಲಿಗೆ ಹಾಕಿ ನಾಲ್ಕು ಜನ ಸೇರಿ ಹಿಂದಕ್ಕೆ ಎಳೆದರು. ಅವನು ಬೀದಿಯಲ್ಲಿ ಮಂಡಿಯೂರಿ ಕಾರಿನ ಮೂಗನ್ನು ಬೆರಳಿನಿಂದ ಸವರುತ್ತ ಹೋದ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ನನ್ನ ಜೀವ ಅವನ ಬೆರಳ ತುದಿಯಲ್ಲಿತ್ತು. ಅವನ ಹನ್ನೊಂದು ವರ್ಷ, ಅವನ ಷೆಡ್ಡು, ಎಲ್ಲಾ ಅಲ್ಲೇ ಇತ್ತು. ಕೊನೆಗೆ ಎದ್ದು ನಿಂತು ಉಸಿರು ಬಿಟ್ಟ.

"ಏನೂ ಆಗಿಲ್ಲಕ್ಕ. ಗೋಣಿಚೀಲದ ನಾರು ಅಂಟಿದೆ ಅಷ್ಟೆ."

ಚಂದ್ರಿಕೆಗಳಲ್ಲಿ ಎರಡು ಪುಡಿಪುಡಿ. ಮಂಗಳವಾರ ಹುಳ ಬಿಡಬೇಕಾದ ಚಂದ್ರಿಕೆಗಳು. ನಾಚಿಕೆಯಿಂದ ಬಗ್ಗಿ ಚೂರುಗಳನ್ನು ಆಯತೊಡಗಿದೆ. ಪಾಪಮ್ಮನೇ ನನ್ನನ್ನು ಸಮಾಧಾನ ಮಾಡಿದರು.

"ಬಿದಿರು ತಾನೇ ಅಯ್ಯವಾರೂ, ಕಟ್ಟಿದ್ರೆ ಆಗ್ತದೆ. ಆ ಹುಡುಗನ ಕೆಲಸ ಕೆಟ್ಟಿದ್ರೆ ಯಾರು ಕಟ್ಕೊಡ್ತಿದ್ರು?"

ಶೀನ ಆ ದಿನ ಮದರಾಸಿಗೆ ಹೊರಡಲಿಲ್ಲ. ಸಂಜೆಯವರೆಗೂ ಜಗಲಿಯಲ್ಲಿ ಕೂತು ಬಿದಿರು ಸೀಳಿ ಎರಡೂ ಚಂದ್ರಿಕೆಗಳನ್ನು ಹೆಣೆದುಕೊಟ್ಟ. ಪಾಪಮ್ಮ ಹೇಳಿಕೊಡುತ್ತಿದ್ದರು, ನಾನು ಹುರಿ ಹಿಡಿದುಕೊಂಡಿದ್ದೆ. ಅದಕ್ಕಿಂತ ಹೆಚ್ಚಿನದನ್ನು ನನ್ನ ಕೈಗೆ ಕೊಡಲು ಯಾರೂ ಒಪ್ಪಲಿಲ್ಲ. ಕಾರು ಬೀದಿಯಲ್ಲೇ ಟಾರ್ಪಾಲು ಹೊದ್ದು ನಿಂತಿತ್ತು. ಮಳೆ ಬರಲಿಲ್ಲ. ಮೋಡ ಪುಂಗನೂರಿನ ಕಡೆಗೆ ಹೊರಟುಹೋಯಿತು.

ಎರಡು ವರ್ಷದ ಮೇಲೆ ಬೆಂಗಳೂರಿಗೆ ಹೋದಾಗ ಶೀನನ ಷೆಡ್ಡಿಗೆ ಹೋಗಿದ್ದೆ. ಸ್ವಂತದ್ದು, ಮೇಲೆ ಬೋರ್ಡೂ ಇತ್ತು. ನನ್ನನ್ನು ಕಂಡದ್ದೇ ಖುಷಿಯಾಗಿ, ಕಾರುಗಳಿಂದ ಬಹಳ ದೂರದಲ್ಲಿ ಒಂದು ಕುರ್ಚಿ ಹಾಕಿಸಿ ಕಾಫಿ ತರಿಸಿದ. ಅಷ್ಟರಲ್ಲಿ ಮದರಾಸಿನ ಯಜಮಾನರ ನಾಲ್ಕನೆಯ ಕಾರು ಬಂತು, ಹಸಿರು ಬಣ್ಣದ್ದು. ಅದನ್ನು ಎರಡು ಕಂಬಗಳ ನಡುವೆ ಒಳಗೆ ತರಬೇಕಿತ್ತು. ಜಾಗ ತುಂಬಾ ಇಕ್ಕಟ್ಟು. ನನಗೆ ಸುಮ್ಮನಿರಲಾಗಲಿಲ್ಲ. ಲೋಟ ಕೆಳಗಿಟ್ಟು ಎದ್ದೆ.

"ಶೀನ, ಎಡಗಡೆ ಮೂರಿಂಚು..."

ಶೀನ ತಿರುಗಿಯೂ ನೋಡಲಿಲ್ಲ.

"ಚಾಲು ಭಾವ," ಎಂದ.

ಈ ಸಲ ನನಗೆ ಅರ್ಥವಾಯಿತು. ಕೂತೆ.